ಬ್ರೇಕ್ ಇನ್ಸ್‌ಪೆಕ್ಟರ ಅಂಗೈಯಲ್ಲಿ ರೋಟರ್

ಕಳೆದ ಗುರುವಾರ ನನ್ನ ಹೆಂಡತಿ ಒಬ್ಬ ಬ್ರೇಕ್ ಇನ್ಸ್‌ಪೆಕ್ಟರನ್ನು ಕಾರಿನಿಂದ ಕೆಳಗಿಳಿಸಿದಳು.

ಇಳಿಸಿದ್ದಷ್ಟೇ ಅಲ್ಲ. ಅವರ ಅಂಗೈ ಬಿಚ್ಚಿಸಿ, ಅದರ ಮೇಲೆ ಒಂದು ಸಣ್ಣ ಸಾಮಾನು ಇಟ್ಟು, "ಸ್ವಲ್ಪ ಹಿಡ್ಕೊಂಡಿರಿ ಸರ್, ಬೀಳಿಸ್ಬೇಡಿ" ಅಂದಳು. ಖಾಕಿ ತೊಟ್ಟ, ಮೀಸೆ ತಿರುವಿದ, ಇಡೀ ಪರೀಕ್ಷೆ ಮೈದಾನವೇ ಹೆದರುವ ಆ ಮನುಷ್ಯ ಹಿಡಿದುಕೊಂಡು ನಿಂತರು. ಅವಳಿಗೆ ಡ್ರೈವಿಂಗ್ ಲೈಸೆನ್ಸ್ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸಬೇಕಾದವರು ಅವರೇ!

ರತ್ನ ನಿಮಗೆ ಹೊಸಬಳಲ್ಲ. ಈ ಅಂಕಣದಲ್ಲಿ ಆಗಾಗ ಬಂದು ಹೋಗಿದ್ದಾಳೆ (ಹೆಚ್ಚಾಗಿ ನನ್ನನ್ನು ಗದರಿಸುವುದಕ್ಕೆ). ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅವಳು ಇಲವಾಲದ ಶಾಲೆಯಲ್ಲಿ ಲೆಕ್ಕದ ಮೇಡಂ. ನಮ್ಮ ಮನೆ ಇರುವುದು ಕೆಸರೆಯಲ್ಲಿ. ಅದು ಮೈಸೂರಿನ ಒಂದು ತುದಿ, ಇಲವಾಲ ಇನ್ನೊಂದು ತುದಿಯಾಚೆ. ಬಸ್ಸನ್ನು ನಂಬಿದರೆ ಒಂದೋ ಶಾಲೆಯ ಬೀಗ ತೆಗೆಯುವ ಮೊದಲೇ ಹೋಗಿ ನಿಂತಿರಬೇಕು, ಇಲ್ಲವೇ ಪ್ರಾರ್ಥನೆ ಮುಗಿದ ಮೇಲೆ ತಲೆ ತಗ್ಗಿಸಿಕೊಂಡು ಒಳಗೆ ಹೋಗಬೇಕು. ಹೆಡ್‌ಮಾಸ್ಟರು ಶಿಸ್ತಿನ ಮನುಷ್ಯ. ಅದಕ್ಕೇ ದಿನಾ ನಾನೇ ಅವಳನ್ನು ಕಾರಿನಲ್ಲಿ ಬಿಟ್ಟು, ಅಗ್ರಹಾರದಲ್ಲಿರುವ ನನ್ನ ಪ್ರೆಸ್ಸಿಗೆ ಬರುತ್ತಿದ್ದೆ.

ಕಾರು ಅಂದ ಕೂಡಲೇ ಹುಬ್ಬೇರಿಸಬೇಡಿ. ಅದು ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೊರಡುವಾಗ ಬಿಟ್ಟುಹೋದ ಕಾರು. ನಮ್ಮ ಮದುವೆಗಿಂತ ಹಳೆಯದು. ಬಾಗಿಲಿಗೆ ಹಗ್ಗ ಕಟ್ಟಿದ್ದೇವೆ. ಆದರೂ ಓಡುತ್ತಿತ್ತು, ಕಾರಿಗೆ ಅದಕ್ಕಿಂತ ದೊಡ್ಡ ಗುಣ ಏನು ಬೇಕು?

ಕೆಟ್ಟದ್ದು ಕಾರಲ್ಲ, ನನ್ನ ಕಣ್ಣು. ಮೊಳೆ ಅಕ್ಷರದ ಪ್ರೂಫ್ ತಿದ್ದಿ ತಿದ್ದಿ ಸವೆದು ಹೋಗಿದೆ. ಈ ಮಳೆಗಾಲದಲ್ಲಿ ಒಂದು ಜಟಕಾ ಕುದುರೆಯ ಮೂಗಿನವರೆಗೂ ಹೋಗಿ ಬ್ರೇಕ್ ಹಾಕಿದೆ. ಕುದುರೆ ನನ್ನನ್ನು ನೋಡಿತ್ತು, ನಾನು ಕುದುರೆಯನ್ನು ನೋಡಿರಲಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಬರೆಯೋದು ಬೇಕಾದ್ರೆ ಬರೀರಿ. ತಪ್ಪು ಬರೆದ್ರೆ ಯಾರೂ ಸಾಯಲ್ಲ. ಸ್ಟಿಯರಿಂಗ್ ಮಾತ್ರ ಬಿಟ್ಬುಡಿ" ಅಂದರು.

ಹಾಗಾದರೆ ಕಾರನ್ನು ಏನು ಮಾಡುವುದು? ಮಾರಬೇಕು. ಮಾರಿದರೆ ರತ್ನ ಕೆಲಸ ಬಿಡಬೇಕು. ತರಕಾರಿ ಮಂಡಿಯ ನಂಜಪ್ಪನವರು ಆಗಲೇ ಕಾರಿನ ಸುತ್ತ ಎರಡು ಸುತ್ತು ಹಾಕಿ ಹೋಗಿದ್ದರು. ನಾನು ಒಪ್ಪಿಕೊಂಡೂ ಬಿಟ್ಟಿದ್ದೆ. ರಾತ್ರಿ ಊಟಕ್ಕೆ ಕೂತಾಗ ರತ್ನ, ತಾನು ಓಡಿಸುವುದನ್ನು ಕಲಿಯುತ್ತೇನೆ ಅಂದಳು. ನಾನು ನಗಲಿಲ್ಲ, ನನ್ನ ಪುಣ್ಯ. ನಂಜಪ್ಪನವರಿಗೆ ಹೇಳಿ ಕಳಿಸಿದೆ: ಲೈಸೆನ್ಸ್ ಪರೀಕ್ಷೆಯವರೆಗೆ ತಡೆಯಿರಿ, ಅವಳು ಪಾಸಾದರೆ ಕಾರು ನಮ್ಮದು, ಫೇಲಾದರೆ ನಿಮ್ಮದು.

ಓಡಿಸುವುದನ್ನು ನಾನು ಕಲಿಸಿದೆ. ಇಂಜಿನ್ ಮಾತ್ರ ಅವಳೇ ಕಲಿತದ್ದು. ಭಾನುವಾರ ಗ್ಯಾರೇಜಿನ ಸಾಬರು ಮನೆಗೆ ಬಂದು ಸರ್ವೀಸ್ ಮಾಡುವಾಗ ಇವಳು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದಳು. ಇದ್ಯಾಕೆ ಇಲ್ಲಿದೆ, ಇದನ್ನು ತೆಗೆದರೆ ಏನಾಗುತ್ತದೆ, ಮೊದಲು ಇದೋ ಅದೋ? ಕೊನೆಗೆ ಸಾಬರು ಸ್ಪ್ಯಾನರ್ ಅವಳ ಕೈಗೇ ಕೊಟ್ಟು ಬೀಡಿ ಹಚ್ಚಿಕೊಂಡು ಕೂತರು. ಈಗ ಪ್ಲಗ್ಗುಗಳನ್ನು ಬಿಚ್ಚಿ, ಮಸಿ ಕೆರೆದು, ಪೆಟ್ರೋಲಿನಲ್ಲಿ ತೊಳೆದು ಸಾಲಾಗಿ ಇಡುವುದು ಅವಳೇ. ಕಿಡಿ ಹುಟ್ಟಿಸುವ ಪಾಯಿಂಟಿನ ಸಂದು ಸರಿಯಾಗಿದೆಯೇ ಅಂತ ಅಳೆಯಲು ನಮ್ಮ ಪ್ರೆಸ್ಸಿನ ವಿಸಿಟಿಂಗ್ ಕಾರ್ಡನ್ನು ತೂರಿಸಿ ನೋಡುತ್ತಾಳೆ. (ನನ್ನ ಹೆಸರಿನ ಕಾರ್ಡು ಯಾವುದಕ್ಕಾದರೂ ಉಪಯೋಗಕ್ಕೆ ಬಂತಲ್ಲ!)

ಗುರುವಾರ ಬಂತು. ಅವಳೇ ಓಡಿಸಿದಳು, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅವ್ವ.

ಅವ್ವ ಯಾಕೆ ಬಂದಳು ಅಂತೀರಾ? ನನ್ನ ಅವ್ವ ಹೊಲ ಗದ್ದೆ ಕಂಡು ಬೆಳೆದವಳು. ಗಾಡಿ ಹೂಡುವ ಮೊದಲು ಎತ್ತಿಗೂ ನೊಗಕ್ಕೂ ಅರಿಸಿನ ಕುಂಕುಮ ಹಚ್ಚದೆ ಬಿಟ್ಟವಳಲ್ಲ. ಸೊಸೆ ಕಾರು ಕಲಿಯುತ್ತೇನೆ ಅಂದಾಗ ಬೀದಿಯವರೆಲ್ಲ ಗುಸುಗುಸು ಮಾಡಿದರೂ ಅವ್ವ ಮಾತ್ರ, "ಎತ್ತಿನ್ ಗಾಡಿ ನಾ ಒಡ್ದಿಲ್ವಾ? ಅಂಗೇ ಇದೂವೆ" ಅಂದಿದ್ದಳು. ಈ ದಿನಕ್ಕೆಂದೇ ಬೆಟ್ಟ ಹತ್ತಿ ಹೋಗಿ ಚಾಮುಂಡಿಯ ತೀರ್ಥ ತಂದಿದ್ದಳು. ಮನೆಯಲ್ಲಿ ಪೂಜೆ ಮಾಡೋಣ ಅಂದರೆ ಯಮಗಂಡಕಾಲ ಅಡ್ಡ ಬಂತು. ಅದಕ್ಕೇ ಹಿತ್ತಾಳೆ ಚೊಂಬು, ಹೂವು, ಮೇಲೆ ಮುಚ್ಚಿದ ಮಡಿಬಟ್ಟೆ ಸಮೇತ ಕಾರು ಹತ್ತಿದಳು.

ಮೈದಾನ ತಲುಪಿದ ಮೇಲೆ ರತ್ನ ಬಾನೆಟ್ ತೆಗೆದು, ರೇಡಿಯೇಟರಿನಲ್ಲಿ ನೀರು ನೋಡಿ, ಸ್ವಲ್ಪ ಆರಲಿ ಅಂತ ತೆರೆದೇ ಬಿಟ್ಟು ಕಾಗದ ಪತ್ರ ತೋರಿಸಲು ಆಫೀಸಿನ ಒಳಗೆ ಹೋದಳು. ನಂಜಪ್ಪನವರು ಆಗಲೇ ಬಂದು ಬೇವಿನ ಮರದ ಕೆಳಗೆ ನಿಂತಿದ್ದರು. ನನ್ನನ್ನು ಕರೆದು ಟೀ ಕೊಡಿಸಿದರು. ಹೆಂಗಸರಿಗೆ ರಿವರ್ಸ್ ಕಷ್ಟ ಕಣ್ರೀ ಅಂತ ಸಮಾಧಾನದ ಮಾತನ್ನೂ ಮುಂಗಡವಾಗಿ ಹೇಳಿದರು. ನಾನು ಟೀ ಕುಡಿಯುತ್ತಿದ್ದೆ. ಕಾರಿನ ಹತ್ತಿರ ಅವ್ವ ಒಬ್ಬಳೇ ಇದ್ದಳು.

ಇನ್ಸ್‌ಪೆಕ್ಟರು ಬಂದು ಮುಂದಿನ ಸೀಟಿನಲ್ಲಿ ಕೂತರು. ರೇಡಿಯೇಟರಿನ ಮೇಲೆ ಹೂವಿತ್ತು. ರತ್ನ ಅದನ್ನು ನೋಡಿ ಸಣ್ಣಗೆ ನಕ್ಕು, ಬಾನೆಟ್ ಮುಚ್ಚಿ, ಸೀಟಿನಲ್ಲಿ ಕೂತು ಸ್ಟಾರ್ಟರ್ ಎಳೆದಳು.

ಇಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೆ ಎಳೆದಳು. ಮತ್ತೆ ಅದೇ.

ಬೆಳಿಗ್ಗೆ ಕೆಸರೆಯಿಂದ ಒಮ್ಮೆಯೂ ಕೆಮ್ಮದೆ ಬಂದ ಕಾರು! ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು, ಗಾಡಿ ಸರಿಯಿಲ್ಲದಿದ್ದರೆ ಇನ್ನೊಂದು ಸಲ ಬನ್ನಿ ಅಂದರು. ಇನ್ನೊಂದು ಸಲ ಅನ್ನುವುದಕ್ಕೆ ನಂಜಪ್ಪನವರು ಕಾಯಬೇಕಲ್ಲ? ಅವರಾಗಲೇ ಪಂಚೆ ಎತ್ತಿ ಕಟ್ಟಿಕೊಂಡು ಹತ್ತಿರ ಬರುತ್ತಿದ್ದರು. ರತ್ನ ಇಳಿದು ಬಾನೆಟ್ ಎತ್ತಿದಳು.

ನಮ್ಮ ಮೈಸೂರಿನ ಒಂದು ವಿಶೇಷ ಗಮನಿಸಿದ್ದೀರಾ? ಎಲ್ಲೇ ಬಾನೆಟ್ ಎತ್ತಲಿ, ಎಲ್ಲಿಂದಲೋ ಗಂಡಸರು ಬಂದು ಸೇರುತ್ತಾರೆ. ಕೈ ಹಿಂದೆ ಕಟ್ಟಿಕೊಂಡು, ಕತ್ತು ಮುಂದೆ ಚಾಚಿ ನಿಲ್ಲುತ್ತಾರೆ. ಬ್ಯಾಟರಿ ಹೋಗಿದೆ ಅಂತ ಒಬ್ಬ. ಕಾರ್ಬುರೇಟರ್ ಬಿಚ್ಚಿ ಊದಬೇಕು ಅಂತ ಇನ್ನೊಬ್ಬ. ಇಂಥ ಕಾರು ನಮ್ಮ ಮಾವನ ಹತ್ತಿರ ಇತ್ತು, ಕೊನೆಗೆ ಗುಜರಿಗೆ ಹಾಕಿದರು ಅಂತ ಮತ್ತೊಬ್ಬ. ನಂಜಪ್ಪನವರು ಮಾತ್ರ ಕೆಲಸದ ಮನುಷ್ಯ. "ತಳ್ಳಿಬುಡೋಣ ಕಣ್ರೀ, ಎಲ್ಲಾ ಕೈ ಹಾಕಿ" ಅಂತ ತೋಳು ಮಡಿಸಿದರು.

"ಬೇಡಿ. ಯಾಕೆ ನಿಂತಿದೆ ಅಂತ ಗೊತ್ತಾಗದೆ ತಳ್ಳಬಾರದು" ಅಂದಳು ರತ್ನ. ಇನ್ಸ್‌ಪೆಕ್ಟರ ಕಡೆ ತಿರುಗಿ, ದಯವಿಟ್ಟು ಸ್ವಲ್ಪ ಇಳಿಯಿರಿ ಸರ್, ಸೀಟಿನ ಕೆಳಗೆ ಟೂಲ್ಸ್ ಇವೆ ಅಂತ ಕೇಳಿದಳು. ಅವರು ಇಳಿದರು.

ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ? ಅವಸರವೇ ಇಲ್ಲ. ನಾವು ಗಂಡಸರಾದರೆ ಮೊದಲು ಕಾರನ್ನು ಬಯ್ಯುತ್ತೇವೆ, ಆಮೇಲೆ ಟೈರು ಒದೆಯುತ್ತೇವೆ, ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತೇವೆ. ಅವಳು ಕಾರನ್ನೇ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದಳು. ಒಲೆ ಹತ್ತದಿದ್ದರೆ ಸೌದೆ ನೋಡಬೇಕು, ಕಿಡಿ ನೋಡಬೇಕು; ಎರಡನ್ನೂ ಒಟ್ಟಿಗೆ ನೋಡಿದರೆ ಕಣ್ಣಿಗೆ ಹೊಗೆ. ಮೊದಲು ಪೆಟ್ರೋಲ್. ಪೈಪ್ ಸಡಿಲಿಸಿದಳು, ಬರುತ್ತಿದೆ. ಬಿಗಿದಳು, ಚೆಲ್ಲಿದ್ದನ್ನು ಒರೆಸಿದಳು. ಆಮೇಲೆ ಕಿಡಿ. ಒಂದು ಪ್ಲಗ್ಗಿನ ವೈರ್ ಕಿತ್ತು ಇಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದು, ನನಗೆ ಸ್ಟಾರ್ಟರ್ ಎಳೆಯಲು ಹೇಳಿದಳು. ಕಿಡಿ ಇಲ್ಲ. ಇನ್ನೊಂದು ವೈರ್. ಅದರಲ್ಲೂ ಇಲ್ಲ.

ಎಲ್ಲ ಪ್ಲಗ್ಗುಗಳೂ ಒಟ್ಟಿಗೆ ಸಾಯುವುದುಂಟೆ? ಹಾಗಾದರೆ ತೊಂದರೆ ಅದಕ್ಕೂ ಹಿಂದೆ ಇದೆ. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅಂತ ಒಂದಿದೆ. ಗುಂಡಗೆ, ಕಪ್ಪಗೆ, ಅದರ ಮೇಲೊಂದು ಮುಚ್ಚಳ. ರತ್ನ ಕ್ಲಿಪ್ ಸರಿಸಿ ಆ ಮುಚ್ಚಳ ತೆಗೆದಳು. ಒಳಗೆ ತಿರುಗುವ ರೋಟರನ್ನು ಮೆಲ್ಲಗೆ ಎಳೆದು ತೆಗೆದಳು. ನಾನು ಕೈ ಚಾಚಿದೆ. ಅವಳು ನನ್ನ ಕೈ ನೋಡಿದಳು, ಆಮೇಲೆ ಹುಲ್ಲು ಬೆಳೆದ ನೆಲ ನೋಡಿದಳು. ಜಾರಿ ಬಿದ್ದರೆ ಹುಡುಕುವ ಕಣ್ಣು ನನಗಿಲ್ಲ. ಆಗಲೇ ಅದನ್ನು ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರ ಅಂಗೈಗೆ ಇಟ್ಟದ್ದು. ನನಗೆ ಒಂದು ಗಳಿಗೆ ಬೇಜಾರಾಯಿತು. ನಿಜ ಹೇಳಬೇಕೆಂದರೆ, ಅವಳು ಮಾಡಿದ್ದೇ ಸರಿ.

ಮುಚ್ಚಳದ ಒಳಗೆ ಬೆರಳಾಡಿಸಿದಳು. ಬೆರಳು ಒದ್ದೆಯಾಯಿತು. ಪೆಟ್ರೋಲೋ, ನೀರೋ ಅಂತ ನೋಡಲು ಮೂಗಿನ ಹತ್ತಿರ ಹಿಡಿದಳು.

ಹಿಡಿದವಳು ಹಾಗೇ ನಿಂತುಬಿಟ್ಟಳು. ಪಕ್ಕದಲ್ಲಿದ್ದ ನನಗೂ ಆ ವಾಸನೆ ಬಂತು. ಪಚ್ಚಕರ್ಪೂರ.

ರತ್ನ ತಲೆಯೆತ್ತಿ ಅವ್ವನ ಕಡೆ ನೋಡಿದಳು. ಅವ್ವ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ, ಖಾಲಿ ಚೊಂಬನ್ನು ಎದೆಗೊತ್ತಿಕೊಂಡು, ಸೊಸೆಗಾಗಿ ತಾಯಿಗೆ ಮೊರೆಯಿಡುತ್ತಿದ್ದಳು. (ಗಾಳಿಗೆ ಬೆಂಕಿಕಡ್ಡಿ ಆರಿಹೋಗಿ ಮಂಗಳಾರತಿ ತಪ್ಪಿತ್ತು ಅಂತ ಆಮೇಲೆ ತಿಳಿಯಿತು. ಪೆಟ್ರೋಲ್ ಪೈಪಿನ ಪಕ್ಕದಲ್ಲಿ ಮಂಗಳಾರತಿ! ಈ ವಾರ ನಿಮಗೆ ಅಂಕಣವೇ ಇರುತ್ತಿರಲಿಲ್ಲ.)

ರತ್ನ ಮತ್ತೆ ಮುಚ್ಚಳದ ಕಡೆ ತಿರುಗಿದಳು. ಒಣಗಿದ ಬಟ್ಟೆ ಯಾರ ಹತ್ತಿರವಾದರೂ ಇದೆಯೇ ಅಂತ ಕೇಳಿದಳು. ಅಷ್ಟು ಜನ ಪಂಡಿತರಲ್ಲಿ ಎಲ್ಲರ ಟವಲ್ಲೂ ಬೆವರಿನಿಂದ ತೊಯ್ದಿತ್ತು. ಅವ್ವ ಓಡಿ ಬಂದು ಚೊಂಬಿಗೆ ಮುಚ್ಚಿದ್ದ ಮಡಿಬಟ್ಟೆ ಕೊಟ್ಟಳು. ಮಸಿಯಾಗುತ್ತೆ ಅತ್ತೆ ಅಂದಳು ರತ್ನ. "ಆಗ್ಲಿ ಬುಡವ್ವ, ಒಕ್ಕೊಂಡ್ರಾಯ್ತು" ಅಂದಳು ಅವ್ವ.

ಮುಚ್ಚಳದ ಒಳಗೆ, ಹೊರಗೆ, ವೈರು ಕೂರುವ ಒಂದೊಂದು ಗುಳಿಯಲ್ಲೂ ಬಟ್ಟೆಯ ತುದಿ ಹೊಸೆದು ಒರೆಸಿದಳು. ಇನ್ಸ್‌ಪೆಕ್ಟರು ಸುಮ್ಮನೆ ನೋಡುತ್ತಿದ್ದವರು ಕೇಳಿದರು, "ಇಲ್ಲಿಗೆ ನೀರು ಹೇಗಮ್ಮ ಬಂತು?"

ಅವ್ವ ಪಕ್ಕದಲ್ಲೇ ಇದ್ದಳು. ಇದ್ದದ್ದು ಹೇಳಿದರೆ ತಪ್ಪು ರತ್ನಳದಲ್ಲ ಅಂತ ಆಗುತ್ತದೆ. ಹೇಳದಿದ್ದರೆ ಗಾಡಿ ನೋಡಿಕೊಳ್ಳಲು ಬಾರದವಳು ಅಂತ ಅವರು ಬರೆದುಕೊಳ್ಳಬಹುದು. ಅವಳ ಕೆಲಸ, ಅವಳ ಶಾಲೆ, ಎಲ್ಲ ಆ ಒಂದು ಉತ್ತರದ ಮೇಲೆ ನಿಂತಿತ್ತು.

"ಬೆಳಿಗ್ಗೆ ನಾನೇ ಇಂಜಿನ್ ತೊಳೆದೆ ಸರ್. ಒರೆಸೋದು ಮರೆತೆ."

"ಹಾಗಾದ್ರೆ ಇಲ್ಲೀವರೆಗೆ ಗಾಡಿ ಹೇಗೆ ಬಂತು?"

ರತ್ನ ರೋಟರಿಗಾಗಿ ಕೈ ಚಾಚಿದಳು. ಇನ್ಸ್‌ಪೆಕ್ಟರು ಅದನ್ನು ಕೊಟ್ಟು, ತೇವವಾದ ತಮ್ಮ ಅಂಗೈ ನೋಡಿಕೊಂಡರು. ಮೀಸೆಯ ಹತ್ತಿರ ತಂದರು. ಒಂದು ಸಲ ಅವ್ವನ ಚೊಂಬು ನೋಡಿದರು, ಒಂದು ಸಲ ರೇಡಿಯೇಟರಿನ ಮೇಲಿದ್ದ ಹೂವು ನೋಡಿದರು. ಆಮೇಲೆ ಅಂಗೈಯನ್ನು ಪ್ಯಾಂಟಿಗೆ ಒರೆಸಲಿಲ್ಲ. ಸುಮ್ಮನೆ ಕಣ್ಣಿಗೆ ಒತ್ತಿಕೊಂಡು, ಹೋಗಿ ಸೀಟಿನಲ್ಲಿ ಕೂತರು. ರತ್ನ ರೋಟರ್ ಒರೆಸಿ, ಎಲ್ಲವನ್ನೂ ಮೊದಲಿನಂತೆ ಕೂರಿಸಿ, ಬಾನೆಟ್ ಮುಚ್ಚಿದಳು.

ಸ್ಟಾರ್ಟರ್ ಎಳೆದಳು. ಕಾರು ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಸೀನಿತು, ಆಮೇಲೆ ಹತ್ತಿಕೊಂಡಿತು. ಆ ಹಳೆಯ ಡಬ್ಬದ ಸದ್ದು ನನಗೆ ಅಷ್ಟು ಹಿತವಾಗಿ ಹಿಂದೆಂದೂ ಕೇಳಿರಲಿಲ್ಲ. ಕಣ್ಣು ತುಂಬಿತು. (ಮೊದಲೇ ಮಬ್ಬು, ಇದೂ ಸೇರಿದ ಮೇಲೆ ಪರೀಕ್ಷೆಯಲ್ಲಿ ಅವಳು ಹೇಗೆ ಓಡಿಸಿದಳು ಅಂತ ನಾನು ನೋಡಲೇ ಇಲ್ಲ.) ರಿವರ್ಸ್ ಚೆನ್ನಾಗಿತ್ತು ಅಂತ ನಂಜಪ್ಪನವರೇ ಹೇಳಿದರು. ಹೇಳಿ, ಪಂಚೆ ಇಳಿಸಿಕೊಂಡು ಸೈಕಲ್ ಹತ್ತಿ ಹೋದರು. ಒಳ್ಳೆಯ ಮನುಷ್ಯ.

ಇನ್ಸ್‌ಪೆಕ್ಟರು ಸಹಿ ಹಾಕುತ್ತಾ ತಲೆಯೆತ್ತದೆ ಅಂದರು, "ಗಾಡಿ ಓಡಿಸೋಕೆ ಬರುತ್ತೆ, ರಿಪೇರಿನೂ ಬರುತ್ತೆ. ಸುಳ್ಳು ಹೇಳೋಕೆ ಮಾತ್ರ ಬರಲ್ಲ ನಿಮಗೆ."

ಇಂಜಿನ್ನಿನ ತೊಂದರೆ ಹುಡುಕುವವರು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ತೊಂದರೆ ಸಿಕ್ಕ ಮೇಲೆ, ಅದನ್ನು ಮಾಡಿದವರ ಹೆಸರನ್ನು ಊರಿಗೆಲ್ಲ ಕೂಗಿ ಹೇಳದೆ ಇರುವವರು ಎಷ್ಟು ಜನ? ನಾನಾಗಿದ್ದರೆ ಅಲ್ಲೇ, ಆ ಜನರ ಮುಂದೆಯೇ, ಏನವ್ವ ಇದು ಅಂತ ರೇಗುತ್ತಿದ್ದೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಇವಳನ್ನು ಮದುವೆಯಾದದ್ದು ನನ್ನ ಭಾಗ್ಯ ಅಂತ ಇಷ್ಟು ಜನರ ಮುಂದೆ ಬರೆಯಲು ನನಗೇನೂ ಸಂಕೋಚವಿಲ್ಲ.

ಸಂಜೆಯೊಳಗೆ ಸುದ್ದಿ ಕೆಸರೆಗೆಲ್ಲ ಹಬ್ಬಿತು. ಹಬ್ಬಿಸಿದವಳು ಅವ್ವ. "ಕೆಟ್ಟು ನಿಂತೋಗಿತ್ತು ಕಣಮ್ಮ ಗಾಡಿ. ಒಳ್ಗಡೆ ಕರ್ರಗೆ ಲಿಂಗ ಇದ್ದಂಗಿತ್ತು, ನಾನು ಮೊದ್ಲೇ ತೀರ್ಥ ಬುಟ್ಟಿದ್ದೆ. ಅದುಕ್ಕೇ ನೋಡು, ಎಂಗೆ ಓಡ್ತು" ಅಂತ ಜಗಲಿಯಲ್ಲಿ ಕೂತು ಎಲ್ಲರಿಗೂ ಹೇಳಿದಳು. ಒಳಗಿನಿಂದ ರತ್ನ, ಹೌದು ಅತ್ತೆ ಅಂದಳು. ಮರುದಿನ ಬೆಳಿಗ್ಗೆ ಇಲವಾಲಕ್ಕೆ ಹೊರಡುವ ಮೊದಲು, ಇನ್ನು ಮೇಲೆ ಪೂಜೆಯನ್ನು ಚಕ್ರಕ್ಕೆ ಮಾಡಿ ಅತ್ತೆ, ಓಡುವುದು ಅದೇ ಅಲ್ಲವೇ ಅಂತ ಮೆಲ್ಲಗೆ ಹೇಳಿದಳು. ಅವ್ವನಿಗೆ ಅದು ಸರಿಯೆನ್ನಿಸಿತು.

ಕೆಸರೆಯ ಓದುಗರೇ, ನೀವು ಅವ್ವನ ಮುಂದೆ ಬಾಯಿ ಬಿಡಬೇಡಿ, ಅಷ್ಟೇ. ಅವಳಿಗೆ ಓದಲು ಬರುವುದಿಲ್ಲ. ಪ್ರತಿ ವಾರ ಈ ಅಂಕಣವನ್ನು ಅವಳಿಗೆ ಓದಿ ಹೇಳುವವಳು ರತ್ನ.

ಈ ವಾರ ಅವಳು ಯಾವ ಪ್ಯಾರಾ ಬಿಟ್ಟು ಓದುತ್ತಾಳೆ ಅಂತ ನಿಮಗೆ ಬೇರೆ ಹೇಳಬೇಕೆ?