ಭದ್ರಾವತಿಯಿಂದ ಹೋದ ಮೊದಲ ಇ-ಮೇಲ್

ಕಾಲೇಜುಗಳ ಕಂಪ್ಯೂಟರುಗಳನ್ನು ಫೋನ್ ತಂತಿಯಲ್ಲಿ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಜೋಡಿಸುವುದು ಆಗ ನನ್ನ ಕೆಲಸ. ಜೋಡಣೆ ಸರಿಯಿದೆ ಎನ್ನಲು, ಕಳಿಸಿದ ಇ-ಮೇಲ್‌ಗೆ ಉತ್ತರ ಬರಬೇಕು. ಉತ್ತರ ನೋಡದೆ ಭದ್ರಾವತಿಯ ಪ್ರಿನ್ಸಿಪಾಲರು ಸಹಿ ಹಾಕುವವರಲ್ಲ. ಸಹಿಯಿಲ್ಲದೆ ನನ್ನ ನೌಕರಿ ಕಾಯಂ ಆಗುವಂತಿರಲಿಲ್ಲ. ಅಂದು ಶಂಕರಘಟ್ಟದಲ್ಲಿ ಉತ್ತರಿಸುವವರು ಯಾರೂ ಇರಲಿಲ್ಲ. ಅಲ್ಲಿದ್ದ ನನ್ನದೇ ಇ-ಮೇಲ್ ವಿಳಾಸಕ್ಕೆ ಕಾಲೇಜಿನ ಕಂಪ್ಯೂಟರಿನಲ್ಲಿ 'ಟೆಸ್ಟ್' ಎಂದು ಟೈಪ್ ಮಾಡಿದೆ.

"ಇದೆಂಥ ಪತ್ರ ಮಾರಾಯ್ರೇ? ಮೊದಲು ಕ್ಷೇಮ ಕೇಳಿ!" ಎಂದರು ಪ್ರಿನ್ಸಿಪಾಲರು.

"ಕ್ಷೇಮವೇ? ಊಟ ಆಯ್ತಾ?" ಎಂದು ಕಳಿಸಿದೆ. ಪತ್ರ ಶಂಕರಘಟ್ಟಕ್ಕೆ ಹೋಗಿ ನನಗೇ ಬಂತು. ಶಿವಮೊಗ್ಗದಲ್ಲಿ ರೂಮು ಮಾಡಿದ ಮೇಲೆ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.

"ಬಂತು ಸರಿ, ಉತ್ತರ ಎಲ್ಲಿ?" ಎಂದರು.

"ಆಯ್ತು" ಎಂದು ಉತ್ತರ ಬರೆದು ಕಳಿಸಿದೆ. ನಿಜಕ್ಕೂ ಊಟ ಆಗಿರಲಿಲ್ಲ. ಪ್ರಿನ್ಸಿಪಾಲರು ಸಹಿ ಹಾಕಿದರು. ಸುಳ್ಳು ಒಂದಕ್ಷರವೂ ತಪ್ಪದೆ ತಲುಪಿತ್ತು.