ಸ್ನಾನದ ಹೊತ್ತಿಗೆ ಬಿದ್ದ ಹಕ್ಕಿಗಳು

ಹಕ್ಕಿ ಅತ್ತೆಯ ಅಂಗಡಿಗೆ ಬಂದ ಯಾವ ಮಗುವೂ ಕೇಳಿದ ಕೂಡಲೇ ಪ್ರಾಣಿ ಹಿಡಿದುಕೊಂಡು ಹೋದದ್ದಿಲ್ಲ. ಮೊದಲು ತನ್ನ ಮನೆಯ ಚಿತ್ರ ಬರೆದು ತೋರಿಸಬೇಕಿತ್ತು. ಅವಳು ಕಾಳಿನ ಚೀಲದ ಕಾಗದ ಹರಿದು, ಪೆನ್ಸಿಲ್ ಕೊಟ್ಟು, ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಎಲ್ಲಿಂದ ನುಗ್ಗುತ್ತದೆ, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ, ಎಲ್ಲ ಅದರಲ್ಲಿ ಬರಬೇಕು.

ಒಮ್ಮೆ ಒಬ್ಬ ಹುಡುಗ ಕರುವಿನಷ್ಟು ದೊಡ್ಡ ನಾಯಿ ಬೇಕೆಂದು ಹಟ ಹಿಡಿದ. ಚಿತ್ರದಲ್ಲಿದ್ದದ್ದು ಒಂದೇ ಕೋಣೆ. "ಇದು ಖುಷಿಯಲ್ಲಿ ಒಂದು ಸಲ ಬಾಲ ಅಲ್ಲಾಡಿಸಿದರೆ ನಿಮ್ಮಮ್ಮನ ಪಾತ್ರೆಯೆಲ್ಲ ನೆಲಕ್ಕೆ ಕಣೋ," ಎಂದು ಅವಳು ಅವನಿಗೆ ಎರಡು ಮೀನು ಕೊಟ್ಟು ಕಳಿಸಿದಳು. ದೊಡ್ಡವರು ಗೊಣಗುತ್ತಿದ್ದರು, ಇದೇನು ಅಂಗಡಿಯೋ ಪರೀಕ್ಷೆಯ ಕೋಣೆಯೋ ಎಂದು. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಣ್ಣನಿಂದ ಅಂಗಡಿ ಕೈಗೆ ಬಂದ ಮೊದಲ ವರ್ಷ ಕೇಳಿದವರಿಗೆ ಕೇಳಿದ್ದನ್ನು ಕೊಟ್ಟಿದ್ದಳು. ಎಷ್ಟೋ ಮೊಲಗಳು, ಗಿಣಿಗಳು ರಟ್ಟಿನ ಡಬ್ಬದಲ್ಲಿ ಸತ್ತು ವಾಪಸು ಬಂದಿದ್ದವು. ಚಿತ್ರ ಬರೆಸುವುದು ಶುರುವಾದ ಮೇಲೆ ಅದು ನಿಂತಿತ್ತು. ಮನೆಯನ್ನು ಕಾಗದದ ಮೇಲೇ ಓದಬಲ್ಲೆ ಎಂಬ ಸಣ್ಣ ಹೆಮ್ಮೆ ಅವಳಿಗೆ ಬಂದುಬಿಟ್ಟಿತ್ತು.

ಆ ಚಳಿಗಾಲ ಬಟ್ಟೆ ಹೊಲಿಯುವವಳ ಮಗಳು ಬಂದಳು. ನಾಲ್ಕನೇ ಕ್ಲಾಸು, ಮಾತು ಕಡಿಮೆ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹುಡುಗಿ. ಸ್ಕೇಲು ಇಟ್ಟು ಗೆರೆ ಎಳೆದಳು. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಹಗಲು ಮನೆಯಲ್ಲಿ ಹೊಲಿಗೆ ಮಾಡುವ ಅಮ್ಮ, ಎಂಟು ತಿಂಗಳ ತಮ್ಮ. ಬಚ್ಚಲ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆಯನ್ನೂ ಬರೆದಿದ್ದಳು, ಪಂಜರಕ್ಕೆಂದು. ಮನೆಯವರ ಓಡಾಟ ಕಾಣುವ ಜಾಗ, ಹಕ್ಕಿಗೆ ಬೇಸರವಾಗುವುದಿಲ್ಲ ಎಂದು ಹಕ್ಕಿ ಅತ್ತೆ ಒಪ್ಪಿ, ಒಂದು ಹಸಿರು ಲವ್ ಬರ್ಡ್ ಕೊಟ್ಟಳು.

ಎಂಟು ದಿನಕ್ಕೆ ಅದು ಸತ್ತಿತು. ಚಳಿಗಾಳಿ ಹೊಡೆದಿರಬೇಕು ಎಂದು ಹಕ್ಕಿ ಅತ್ತೆ ತೀರ್ಮಾನಿಸಿ, ಇನ್ನೊಂದು ಹಕ್ಕಿ ಕೊಟ್ಟು, ಮನೆಯಲ್ಲಿ ಗಾಳಿ ನುಗ್ಗುವ ಸಂದು ಎಲ್ಲೆಲ್ಲಿದೆಯೋ ಅಷ್ಟನ್ನೂ ಮುಚ್ಚಿಬಿಡು ಎಂದು ಹೇಳಿ ಕಳಿಸಿದಳು. ಹುಡುಗಿ ಗಂಭೀರವಾಗಿ ತಲೆಯಾಡಿಸಿ ಹೋದಳು.

ಎರಡನೆಯದು ಐದು ದಿನವೂ ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಹುಡುಗಿ ಬಿಸ್ಕತ್ತಿನ ಡಬ್ಬದಲ್ಲಿ ಅದನ್ನು ತಂದಳು. ಹಕ್ಕಿ ಅತ್ತೆ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ಗಾಳಿ ಹೊಡೆದ ಹಕ್ಕಿ ಎರಡು ದಿನ ಮೈ ಉಬ್ಬಿಸಿ ಕೂರುತ್ತದೆ, ಕಾಳು ಮುಟ್ಟುವುದಿಲ್ಲ. ಇದರ ಗರಿ ನುಣುಪಾಗಿತ್ತು, ಕತ್ತಿನ ಚೀಲದ ತುಂಬ ಕಾಳಿತ್ತು. ತಿನ್ನುತ್ತಾ ತಿನ್ನುತ್ತಾ ಬಿದ್ದ ಹಾಗಿತ್ತು.

ಯಾವಾಗ ಬಿತ್ತು ಎಂದು ಕೇಳಿದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಮೊದಲಿನದೂ ಸ್ನಾನದ ಹೊತ್ತಿಗೇ ಬಿದ್ದದ್ದು ಎಂದಳು ಹುಡುಗಿ. ಹಕ್ಕಿ ಅತ್ತೆ ಕಾಗದ, ಪೆನ್ಸಿಲ್ ಮುಂದಿಟ್ಟಳು.

ಹುಡುಗಿ ಮತ್ತೆ ಅದೇ ಮನೆ ಬರೆದಳು. ಆಮೇಲೆ ಕಿಟಕಿಯ ಸಂದುಗಳನ್ನು ಒಂದೊಂದಾಗಿ ಕಪ್ಪು ಮಾಡಿದಳು. ಬಚ್ಚಲಿನ ಮೇಲುಗಡೆಯ ಕಿಂಡಿಯನ್ನು ಪೆನ್ಸಿಲ್ ಒತ್ತಿ ಒತ್ತಿ ತುಂಬಿದಳು.

"ಕಪ್ಪಿರೋದೆಲ್ಲ ಮುಚ್ಚಿದ್ದು ಅತ್ತೆ. ಕಿಂಡಿಗೆ ರಟ್ಟು ಇಟ್ಟು ಟೇಪು ಹಾಕಿದೀನಿ. ಒಂಚೂರೂ ಗಾಳಿ ಬರಲ್ಲ."

"ನೀರು ಹೇಗೆ ಕಾಯಿಸ್ತೀರ?"

"ಗ್ಯಾಸ್ ಗೀಸರ್. ಬಚ್ಚಲಲ್ಲೇ ಇದೆ."

ಹಕ್ಕಿ ಅತ್ತೆ ಕಪ್ಪಾದ ಕಿಂಡಿಯ ಮೇಲೆ ಬೆರಳಿಟ್ಟಳು; ಗೀಸರ್ ಉರಿದ ವಿಷಗಾಳಿ ಹೊರಹೋಗಲು ಇದ್ದ ದಾರಿ ಅದೊಂದೇ. ಅಮ್ಮ ಹೇಗಿದ್ದಾಳೆ ಎಂದು ಕೇಳಿದಳು. ದಿನಾ ತಲೆನೋವು ಅಂತಾಳೆ, ಹೊಲಿಯುವಾಗ ಕಣ್ಣು ಮಂಜಾಗುತ್ತಂತೆ ಎಂದಳು ಹುಡುಗಿ. "ತಮ್ಮ ಮಾತ್ರ ಈಗ ಒಳ್ಳೆಯವನಾಗಿದಾನೆ. ಸ್ನಾನ ಆದ ಮೇಲೆ ಅಳೋದೇ ಇಲ್ಲ. ಸುಮ್ಮನೆ ಮಲಗಿರ್ತಾನೆ."

"ಈಗೇನು ಮಾಡ್ತಿದಾರೆ?"

"ಅಮ್ಮ ಅವನಿಗೆ ಸ್ನಾನ ಮಾಡಿಸ್ತಿದಾಳೆ."

ಹಕ್ಕಿ ಅತ್ತೆ ಅಂಗಡಿ ತೆರೆದಿಟ್ಟೇ ಹುಡುಗಿಯ ಕೈ ಹಿಡಿದು ಓಡಿದಳು. ಎರಡು ಬೀದಿ, ಮೂರು ಮಹಡಿ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ತೋಳು, ಗೋಡೆಯಲ್ಲಿ ಖಾಲಿ ಪಂಜರ, ನಲ್ಲಿ ಸುರಿಯುವ ಸದ್ದು. ಬೇರೆ ಯಾವ ಸದ್ದೂ ಇಲ್ಲ. ಬಚ್ಚಲಲ್ಲಿ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಬಕೆಟ್ಟು ತುಂಬಿ ಚೆಲ್ಲುತ್ತಿತ್ತು. ಮಗು ಅವಳ ಮಡಿಲಲ್ಲಿ ಕತ್ತು ವಾಲಿಸಿಕೊಂಡಿತ್ತು. ಮೈ ಮೇಲಿನ ಸೋಪು ಇನ್ನೂ ಹಾಗೇ ಇತ್ತು.

ಗೀಸರ್ ಆರಿಸಿ, ಮಗುವನ್ನು ಎತ್ತಿ ಮೆಟ್ಟಿಲ ಬಳಿ ನಿಂತ ಹುಡುಗಿಯ ಕೈಗಿಟ್ಟು, ತಾಯಿಯನ್ನು ತೋಳು ಹಿಡಿದು ಹೊರಗೆಳೆದಳು. ಎದುರು ಮನೆಯವರು ಕಿಟಕಿಗಳ ಟೇಪು ಕಿತ್ತರು, ಆಂಬುಲೆನ್ಸಿಗೆ ಫೋನು ಮಾಡಿದರು. ಮಗು ತುಂಬ ಹೊತ್ತು ಸುಮ್ಮನಿತ್ತು. ಹಕ್ಕಿ ಅತ್ತೆ ಅದರ ಬೆನ್ನು ತಿಕ್ಕುತ್ತಲೇ ಇದ್ದಳು. ಕೊನೆಗೆ ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂತು, ಮತ್ತೆ ನಿಂತಿತು.

ಕೆಳಗೆ ಆಂಬುಲೆನ್ಸಿಗೆ ಹತ್ತಿಸುವಾಗ ತಾಯಿಗೆ ಅರೆ ಎಚ್ಚರವಾಗಿತ್ತು. ಮಗುವಿನ ಮೂಗಿಗೆ ಆಮ್ಲಜನಕ ಇಟ್ಟಿದ್ದ ದಾದಿ, ನಾಳೆ ಬೆಳಗಾಗುವವರೆಗೆ ಏನೂ ಹೇಳೋಕಾಗಲ್ಲ, ಅಷ್ಟಕ್ಕೂ ಆ ಕಿಂಡಿ ಮುಚ್ಚಿದ್ದು ಯಾರು ಎಂದು ಗದರಿದಳು. ಹುಡುಗಿ ಬಾಯಿ ತೆರೆದಳು.

"ನಾನು," ಎಂದಳು ಹಕ್ಕಿ ಅತ್ತೆ. "ಈ ಹುಡುಗಿ ಮಾಡಿದ್ದಲ್ಲ. ನಾನು ಹೇಳಿ ಮುಚ್ಚಿಸಿದ್ದು."

ತಾಯಿ ತಲೆ ಹೊರಳಿಸಿ ಈ ಗುರುತಿಲ್ಲದ ಹೆಂಗಸನ್ನು ನೋಡಿದಳು. ಕೈ ಚಾಚಿ ಮಗಳ ಮಣಿಕಟ್ಟು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು. ಆಂಬುಲೆನ್ಸಿನ ಬಾಗಿಲು ಮುಚ್ಚಿತು.