ಹೆಣ್ಣು ನೋಡಲು ಹೋದ ಚಿತ್ರಗಾರ್ತಿ

ಈ ಮಾರ್ಚ್‌ನಲ್ಲಿ ತೀರಿಕೊಂಡ ಶ್ರೀಲತಾ ಬಹಳ ದೊಡ್ಡ ಮನಸ್ಸಿನವಳು ಎಂದು ಲಂಡನ್ನಿನ ಹ್ಯಾರೋದ ಕನ್ನಡದವರೆಲ್ಲ ಹೇಳಿಕೊಂಡು ಅತ್ತರು. ಅವಳು ಕೇಳಿಸಿಕೊಂಡಿದ್ದರೆ ನಗುತ್ತಿದ್ದಳು. ಅವಳಷ್ಟು ಹೊಟ್ಟೆಕಿಚ್ಚಿನ ಹೆಣ್ಣು ಆ ಸುತ್ತಮುತ್ತ ಇನ್ನೊಬ್ಬಳಿರಲಿಲ್ಲ. ಅದನ್ನು ಬಿಟ್ಟು ಅವಳ ಬದುಕನ್ನು ಹೇಳಹೊರಟರೆ ಅದು ಬೇರೆ ಯಾರದೋ ಬದುಕಾಗುತ್ತದೆ.

ಮೊದಲ ಹೊಟ್ಟೆಕಿಚ್ಚು ಸತ್ತವನೊಬ್ಬನ ಮೇಲೆ. ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಡಾಕ್ಟರ್ ಅಣ್ಣ ರಾಮಪ್ರಸಾದನ ಜೊತೆ ಲಂಡನ್ನಿಗೆ ಬಂದವಳು ಅವಳು. ಕೆಂಟನ್‌ನಲ್ಲಿ ಅಣ್ಣನ ಮನೆಯ ಮಹಡಿಯ ಕೋಣೆ ಅವಳದು. ಸಂಜೆ ಕೌನ್ಸಿಲ್‌ನವರ ತರಗತಿಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದಳು. ಉಳಿದ ಹೊತ್ತಿನಲ್ಲಿ ನಮ್ಮವರ ಮುಖಗಳನ್ನು ಬರೆಯುವುದು, ಮದುವೆಗಳಿಗೆ ಮಂಟಪ, ಪದಕಗಳ ವಿನ್ಯಾಸ ಮಾಡಿಕೊಡುವುದು. ಸುಮಾರು ಐನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಹೋಲ್ಬೈನ್ ಎಂಬವನು ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಇದೇ ಕೆಲಸ ಮಾಡಿದ್ದ. ರಾಜನ ಮುಖವೂ ಅವನದೇ, ರಾಜನ ಬಟ್ಟಲು, ಕಠಾರಿಯ ಹಿಡಿ, ರಾಣಿಯ ಪದಕದ ನಕ್ಷೆಯೂ ಅವನದೇ. ಕಾಗದಕ್ಕೆ ಮೊದಲೇ ತಿಳಿ ಗುಲಾಬಿ ಬಣ್ಣ ಬಳಿದು, ಅದನ್ನೇ ಚರ್ಮವೆಂದು ಬಿಟ್ಟು, ಕಪ್ಪು ಕೆಂಪು ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದರೆ ಮನುಷ್ಯ ಉಸಿರಾಡುತ್ತಿದ್ದ. ಶ್ರೀಲತಾ ನಲವತ್ತು ಗೆರೆ ಎಳೆಯುತ್ತಿದ್ದಳು, ಆ ಉಸಿರು ಬರುತ್ತಿರಲಿಲ್ಲ. ಶನಿವಾರಗಳಲ್ಲಿ ಟ್ರಫಾಲ್ಗರ್ ಸ್ಕ್ವೇರ್‌ನ ಗ್ಯಾಲರಿಯಲ್ಲಿ ಅವನ ಚಿತ್ರಗಳ ಮುಂದೆ ನಿಂತು, ಕಾಲು ನೋಯಿಸಿಕೊಂಡು, ಉರಿದುಕೊಂಡು ಮನೆಗೆ ಬರುತ್ತಿದ್ದಳು. “ನಿನ್ನ ಯಜಮಾನ್ರನ್ನ ನೋಡ್ಕೊಂಡು ಬಂದ್ಯಾ?” ಎಂದು ಅತ್ತಿಗೆ ಕೆಣಕುತ್ತಿದ್ದಳು.

ಎರಡನೆಯದು ಬದುಕಿದ್ದವರ ಮೇಲೆ. ಧಾರವಾಡದ ಡಾಕ್ಟರ್ ಗೋಪೀನಾಥ ಅಣ್ಣನ ಆಸ್ಪತ್ರೆಯಲ್ಲೇ ಇದ್ದವನು. ನಲವತ್ತರ ಹತ್ತಿರ ಬಂದರೂ ಮದುವೆಯಾಗಿರಲಿಲ್ಲ. ಭಾನುವಾರ ಊಟಕ್ಕೆ ಬರುತ್ತಿದ್ದ. ಅವನು ಬರುವ ದಿನ ಶ್ರೀಲತಾ ಹುಳಿಗೆ ತಾನೇ ಒಗ್ಗರಣೆ ಹಾಕುತ್ತಿದ್ದಳು. ಅವನಿಗೆ ಚಿತ್ರಗಳ ವಿಷಯ ಕೇಳುವುದು ಇಷ್ಟ, ಅವಳಿಗೆ ಹೇಳುವುದು ಇಷ್ಟ. ಒಂದು ಭಾನುವಾರ, ತೊಂಬತ್ತನಾಲ್ಕರಲ್ಲಿ, ರಾಜ ತನಗೆ ಹೆಣ್ಣು ಹುಡುಕುವಾಗ ಹೋಲ್ಬೈನನನ್ನೇ ಕಳಿಸಿದ ಕಥೆ ಹೇಳಿದಳು. ಬ್ರಸೆಲ್ಸ್‌ನಲ್ಲಿ ಹದಿನಾರರ ವಿಧವೆ ಕ್ರಿಸ್ಟೀನಾ ಅವನ ಮುಂದೆ ಕೂತದ್ದು ಮೂರೇ ಗಂಟೆ. ಅಷ್ಟರಲ್ಲಿ ಅವನು ಬರೆದುಕೊಂಡು ತಂದದ್ದನ್ನು ನೋಡಿ ರಾಜ ಹಿಗ್ಗಿಹೋದ. ಇಷ್ಟೆಲ್ಲ ಹೇಳಿದ್ದು ಗೋಪೀನಾಥ ತಟ್ಟೆ ಬಿಟ್ಟು ತನ್ನ ಮುಖ ನೋಡಲಿ ಎಂದು. ಅವನು ನೋಡಿದ. ಮುಂದಿನ ವಾರ ಬಂದವನು ಜೇಬಿನಿಂದ ಒಂದು ಫೋಟೋ ತೆಗೆದ. ಹುಡುಗಿಯ ಹೆಸರು ಕಲ್ಯಾಣಿ, ಬೆಂಗಳೂರಿನವಳು, ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಟೀಚರ್.

“ಸ್ಟುಡಿಯೋ ಫೋಟೋ ನಂಬೂದು ಹ್ಯಾಂಗ್ರೀ? ನೀವ ಹೋಗಿ ಒಂದ್ಸಲ ಬರಕೊಂಡು ಬರ್ರಿ. ನೀವು ಬರದದ್ದನ್ನ ನಾ ನಂಬತೀನಿ,” ಎಂದ.

ಆಗುವುದಿಲ್ಲ ಎನ್ನಲು ಶ್ರೀಲತಾಳಿಗೆ ಕಾರಣ ಸಿಗಲಿಲ್ಲ. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ.

ಸ್ಟ್ರಾಟ್‌ಫರ್ಡ್‌ನ ಫ್ಲ್ಯಾಟಿನಲ್ಲಿ ಕಲ್ಯಾಣಿ ಬಾಗಿಲು ತೆರೆದ ಕೂಡಲೇ ಶ್ರೀಲತಾಳಿಗೆ ಕಂಡದ್ದು ಎಡಗೆನ್ನೆ. ಚಿಕ್ಕಂದಿನಲ್ಲಿ ಬಿಸಿ ಎಣ್ಣೆ ಸಿಡಿದು ಸುಟ್ಟ ಕಲೆ, ಕಣ್ಣಿನ ಕೆಳಗಿನಿಂದ ತುಟಿಯ ಅಂಚಿನ ತನಕ. ಫೋಟೋದವನು ಅವಳನ್ನು ಬಲಗೆನ್ನೆ ಕಾಣುವಂತೆ ಕೂರಿಸಿ ಕಲೆಯನ್ನು ಮರೆಮಾಡಿದ್ದ. ಶ್ರೀಲತಾಳ ಎದೆಯಲ್ಲಿ ತಣ್ಣಗೆ ಸಂತೋಷವಾಯಿತು. ಸುಳ್ಳು ಬರೆಯುವ ಅಗತ್ಯವೇ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು. ಕುರ್ಚಿಯನ್ನು ಆ ಎಡಗೆನ್ನೆಯ ಕಡೆಗೆ ಎಳೆದುಕೊಂಡು ಕೂತಳು.

ಕಲ್ಯಾಣಿ ಸುಮ್ಮನೆ ಕೂರುವ ಪೈಕಿ ಅಲ್ಲ. “ಬೇರೆಯವರು ಕಾಫಿ ಕುಡಿದು ಎದ್ದುಹೋಗ್ತಾರೆ. ಗಂಟೆಗಟ್ಟಲೆ ಹೆಣ್ಣು ನೋಡೋರು ನೀವೇ ಮೊದಲು,” ಎಂದಳು.

ಶ್ರೀಲತಾ ನಗಲಿಲ್ಲ. ಕಲೆಯ ಒಂದೊಂದು ಮಡಿಕೆಯನ್ನೂ ದಯೆಯಿಲ್ಲದೆ ಬರೆದಳು. ಆದರೆ ಬರೆಯಬೇಕಾದರೆ ನೋಡಬೇಕು, ನೋಡುತ್ತ ಹೋದಂತೆ ಕಲೆ ತುಟಿಯ ಅಂಚನ್ನು ಕೊಂಚ ಮೇಲೆಳೆದಿರುವುದು ಕಂಡಿತು. ಕಲ್ಯಾಣಿಯ ನಗು ಹುಟ್ಟುತ್ತಿದ್ದದ್ದು ಅಲ್ಲಿಂದ. ಕೆಂಪು ಸೀಮೆಸುಣ್ಣದಿಂದ ಅಲ್ಲಿ ಒಂದೇ ಗೆರೆ ಎಳೆದಳು. ಮುಖ ಎದ್ದು ಕೂತಿತು.

ಕಲ್ಯಾಣಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದಳು. ಅಮ್ಮ ಆ ಕಡೆಗೆ ಯಾವಾಗಲೂ ಕೂದಲು ಎಳೆದು ಮುಚ್ಚುತ್ತಿದ್ದಳಂತೆ. “ಇದನ್ನ ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಅವರಿಗೆ ಇದನ್ನೇ ಕೊಡಿ,” ಎಂದಳು.

ಮನೆಗೆ ಮರಳುವ ಟ್ಯೂಬ್ ರೈಲಿನಲ್ಲಿ ಶ್ರೀಲತಾ ಚಿತ್ರದ ಸುರುಳಿ ಬಿಚ್ಚಿದಳು. ತುಟಿಯಂಚಿನ ಆ ಗೆರೆಯನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಮುಗಿಯಿತು. ನಗು ಅಳಿಸಿಹೋಗಿ ಕಲೆಯೊಂದೇ ಉಳಿಯುತ್ತದೆ. ಯಾರಿಗೂ ತಿಳಿಯುವುದಿಲ್ಲ. ಹೆಬ್ಬೆರಳು ಕಾಗದದ ಹತ್ತಿರವೇ ಇತ್ತು. ಆದರೆ ಅಂಥ ಗೆರೆ ಅವಳ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಶನಿವಾರ ಶನಿವಾರ ಗ್ಯಾಲರಿಯಲ್ಲಿ ನಿಂತು ಯಾವುದಕ್ಕಾಗಿ ಹೊಟ್ಟೆ ಉರಿದುಕೊಂಡಿದ್ದಳೋ ಅದು ಈಗ ಅವಳ ತೊಡೆಯ ಮೇಲೇ ಇತ್ತು. ಕಲ್ಯಾಣಿಯನ್ನು ಕೆಡಿಸಬೇಕಾದರೆ ಅದನ್ನೂ ಕೆಡಿಸಬೇಕಿತ್ತು. ಕೆಂಟನ್ ಬರುವ ಹೊತ್ತಿಗೆ ಚಿತ್ರವನ್ನು ಮತ್ತೆ ಸುತ್ತಿಟ್ಟಳು.

ಭಾನುವಾರ ಗೋಪೀನಾಥ ನೋಡಿದ. “ಫೋಟೋದಾಗ ಯಾರೋ ಚಂದನ್ನಾಕಿ ಇದ್ಲು,” ಎಂದ. “ಇದರಾಗ ಇರಾಕಿ ಜೋಡಿ ಮಾತಾಡಬೇಕು ಅನಸ್ತದ.”

ಶ್ರೀಲತಾ ಅಡುಗೆಮನೆಗೆ ಹೋಗಿ ಯಾರೂ ಕೇಳದ ತೆಂಗಿನಕಾಯಿ ತುರಿಯುತ್ತ ಕೂತಳು. ಅತ್ತಿಗೆ, ಎಂದೂ ಇಲ್ಲದ ಹಾಗೆ, ಕೆಣಕದೆ ಇನ್ನೊಂದು ಕಾಯಿ ಒಡೆದು ಅವಳ ಮುಂದಿಟ್ಟಳು.

ಮದುವೆಗೆ ಮಂಟಪ ಅವಳದೇ, ಪದಕದ ನಕ್ಷೆಯೂ ಅವಳದೇ. ಪದಕ ಎಷ್ಟು ಭಾರವಾಗಿತ್ತೆಂದರೆ ಕಲ್ಯಾಣಿ ಅದನ್ನು ಎರಡನೆಯ ಸಲ ಹಾಕಿಕೊಳ್ಳಲಿಲ್ಲ. ಆಮೇಲೆ ಇಬ್ಬರೂ ಗೆಳತಿಯರಾದರು. ಕಲ್ಯಾಣಿಯಂಥವಳ ಜೊತೆ ಆಗದಿರುವುದು ಕಷ್ಟವಿತ್ತು. ಅಷ್ಟಾದರೂ ಗಂಡ ಹೆಂಡಿರು ಒಂದೇ ಕೊಡೆಯಲ್ಲಿ ಬಂದ ದಿನ ಶ್ರೀಲತಾಳಿಗೆ ತಲೆನೋವು ಬರುತ್ತಿತ್ತು.

ಎರಡು ಸಾವಿರದ ಆರರಲ್ಲಿ ಟೇಟ್ ಬ್ರಿಟನ್‌ನಲ್ಲಿ ಹೋಲ್ಬೈನನ ದೊಡ್ಡ ಪ್ರದರ್ಶನ ನಡೆದಾಗ ಮೂವರೂ ಹೋದರು. ಗೋಪೀನಾಥ ಕನ್ನಡಕ ಹಣೆಗೇರಿಸಿ, ಪ್ರತಿಯೊಂದು ಚಿತ್ರದ ಪಕ್ಕದ ಚೀಟಿಯನ್ನೂ ಓದುತ್ತ ಮುಂದೆ ಹೋಗಿದ್ದ. ಗುಲಾಬಿ ಕಾಗದದ ಮುಖಗಳ ಮುಂದೆ ಕಲ್ಯಾಣಿ ನಿಂತಳು.

“ಊರಿನವರನ್ನೆಲ್ಲ ಬರೆದೆ. ನಮ್ಮನೆಯವರನ್ನ ಒಂದ್ಸಲ ಬರಿ, ಶ್ರೀ. ನನ್ನ ಚಿತ್ರದ ಪಕ್ಕ ಹಾಕ್ತೀನಿ.”

“ಬೇಡ ಕಣೇ,” ಎಂದಳು ಶ್ರೀಲತಾ. “ಅಷ್ಟು ಹೊತ್ತು ಅವರನ್ನ ನೋಡೋಕೆ ನೀನು ನನ್ನನ್ನ ಬಿಡಬಾರದು.”

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಕಲ್ಯಾಣಿ ಅವಳ ಮುಖ ನೋಡಿದಳು. ಮುಂದೆ ಹೋಗಿ, ಜನರ ಎದುರಿಗೆ ಎಂದೂ ಹಾಗೆ ಮಾಡದವಳು, ಗಂಡನ ತೋಳು ಹಿಡಿದುಕೊಂಡಳು.

ಶ್ರೀಲತಾ ಅದನ್ನೂ ನೋಡಿದಳು.